ವಾರ್ಡಿನ ಕಿಟಕಿಯೂ ಔಷಧವೇ

‘ಫ್ಲೂ ತಾನೇ, ಮೂರು ದಿನ ಮಲಗಿದರೆ ಹೋಗುತ್ತೆ’ ಎನ್ನುವುದು ಹಾಸ್ಟೆಲ್ ಮಾತು. ನಮ್ಮ ವಯಸ್ಸಿಗೆ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಅದೇ ಫ್ಲೂ ಹೊಸ ವೇಷದಲ್ಲಿ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಜನಗಣತಿಯೇ ಸಾಕ್ಷಿ. 1918ರಲ್ಲಿ ಮುಂಬೈ ಬಂದರಿನಿಂದ ಒಳಬಂದ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತು. ಆಗ ಸತ್ತವರಲ್ಲಿ ಇಪ್ಪತ್ತರಿಂದ ನಲವತ್ತರ ವಯಸ್ಸಿನವರೇ ಬಹಳ. 2009ರಲ್ಲಿ ಎಚ್‌1ಎನ್‌1 ಜಗತ್ತನ್ನು ಸುತ್ತಿದಾಗ ನನ್ನ ಓರಗೆಯವರು ಇನ್ನೂ ಅಂಗನವಾಡಿಯಲ್ಲಿದ್ದರು. ಕೋವಿಡ್ ಬಂದಾಗ ಹೈಸ್ಕೂಲು. ಮುಂದಿನದು ಬರುವಾಗ ನಾವು ಕೆಲಸದಲ್ಲಿರುತ್ತೇವೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಓಡುವುದು ಆಸ್ಪತ್ರೆಗೆ. ಅಪಾಯ ಹೆಚ್ಚಿರುವುದೂ ಅಲ್ಲೇ. ಕಾಲು ಮುರಿದವರು, ಬಾಣಂತಿಯರು, ಡಯಾಲಿಸಿಸ್‌ಗೆ ಬಂದ ಅಜ್ಜಂದಿರು ಅಲ್ಲೇ ಇರುತ್ತಾರೆ. ಫ್ಲೂ ಬಂದವರನ್ನು ಗುಣಪಡಿಸುವುದು ಆಸ್ಪತ್ರೆಯ ಅರ್ಧ ಕೆಲಸವಷ್ಟೇ. ಬೇರೆ ಕಾಯಿಲೆಗೆ ಬಂದವರು ಫ್ಲೂ ಅಂಟಿಸಿಕೊಂಡು ಹೋಗದಂತೆ ನೋಡಿಕೊಳ್ಳುವುದು ಉಳಿದರ್ಧ.

ನನ್ನ ಅಕ್ಕ ಸ್ಟಾಫ್ ನರ್ಸ್. ನಾನು ಮೆಕ್ಯಾನಿಕಲ್, ಆರನೇ ಸೆಮಿಸ್ಟರ್. ನಮ್ಮಿಬ್ಬರ ಓದು ಎಲ್ಲೂ ಸೇರುವುದಿಲ್ಲ ಅಂದುಕೊಂಡಿದ್ದೆ. ಏರ್ ಕಂಡೀಷನಿಂಗ್ ಪಾಠ ಓದುವಾಗ ಸೇರಿತು.

<b>ಬಾಗಿಲಲ್ಲೇ ತಡೆ</b>

ಮೊದಲ ತಡೆ ಬಾಗಿಲಲ್ಲಿ. ಕೆಮ್ಮುತ್ತ ಬಂದವರಿಗೆ ಒಳಗೆ ಕಾಲಿಡುವಾಗಲೇ ಮಾಸ್ಕ್, ಬೇರೆ ಸಾಲು, ಬೇರೆ ಕೊಠಡಿ. ‘ವರದಿ ಬರಲಿ, ಆಮೇಲೆ ನೋಡೋಣ’ ಎಂದು ಕಾಯುವಂತಿಲ್ಲ. ಏಕೆಂದರೆ ಫ್ಲೂ ಲಕ್ಷಣ ಕಾಣಿಸುವ ಒಂದು ದಿನ ಮೊದಲೇ ಹರಡತೊಡಗುತ್ತದೆ. ಎಚ್‌1ಎನ್‌1 ಸಮಯದಲ್ಲಿ ಕೇಂದ್ರ ಆರೋಗ್ಯ ಇಲಾಖೆ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಸೌಮ್ಯ ಜ್ವರದ ‘ಎ’ಗೆ ಪರೀಕ್ಷೆಯೂ ಬೇಡ, ಮನೆಯಲ್ಲೇ ವಿಶ್ರಾಂತಿ. ಜ್ವರ ಜೋರಾಗಿರುವವರು, ಗರ್ಭಿಣಿಯರು, ವೃದ್ಧರು ‘ಬಿ’. ಇವರಿಗೆ ಮನೆಯಲ್ಲೇ ಆರೈಕೆ, ಅಗತ್ಯವಿದ್ದರೆ ಒಸೆಲ್ಟಾಮಿವಿರ್ ಮಾತ್ರೆ. ಉಸಿರಾಟದ ತೊಂದರೆಯಂಥ ಅಪಾಯದ ಲಕ್ಷಣವಿರುವ ‘ಸಿ’ಗೆ ಕೂಡಲೇ ದಾಖಲಾತಿ. ಹಾಸಿಗೆ ಬೇಕಾದವರಿಗೆ ಹಾಸಿಗೆ ಸಿಗಲಿ, ಬೇಡದವರು ವಾರ್ಡಿಗೆ ಸೋಂಕು ತರದಿರಲಿ ಎಂಬ ಸರಳ ಲೆಕ್ಕ ಇದು. ಈ ಮಾತ್ರೆ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಹಾಗಾಗಿ ವಿಂಗಡಣೆ ಬೇಗ ಆಗಬೇಕು.

<b>ಗಾಳಿಯ ಲೆಕ್ಕ</b>

ಎರಡನೆಯದು ಗಾಳಿ. ಕೆಮ್ಮಿದಾಗ ದೊಡ್ಡ ಹನಿಗಳು ಹತ್ತಿರದಲ್ಲೇ ಬೀಳುತ್ತವೆ, ಸಣ್ಣವು ತೇಲುತ್ತವೆ. 1977ರಲ್ಲಿ ಅಲಾಸ್ಕಾದಲ್ಲಿ ಎಂಜಿನ್ ಕೆಟ್ಟು ಗಂಟೆಗಟ್ಟಲೆ ನೆಲದ ಮೇಲೇ ನಿಂತ ವಿಮಾನವೊಂದರಲ್ಲಿ 54 ಮಂದಿಯಿದ್ದರು. ಒಬ್ಬರಿಗೆ ಫ್ಲೂ. ಗಾಳಿ ವ್ಯವಸ್ಥೆ ಬಂದ್ ಆಗಿತ್ತು. ಮೂರು ದಿನದೊಳಗೆ ಶೇ 72ರಷ್ಟು ಮಂದಿ ಮಲಗಿದರು.

ಕಿಟಕಿ ಮುಚ್ಚಿದ ವಾರ್ಡಿಗೂ ಆ ವಿಮಾನಕ್ಕೂ ಬಹಳ ವ್ಯತ್ಯಾಸವಿಲ್ಲ. ಸಹಜ ಗಾಳಿಯ ಸಾಮಾನ್ಯ ವಾರ್ಡಿನಲ್ಲಿ ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊರಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. 10 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಎಂಟು ಹಾಸಿಗೆಯ ವಾರ್ಡ್ ತೆಗೆದುಕೊಳ್ಳಿ. ಒಳಗಿರುವ ಗಾಳಿ 180 ಘನ ಮೀಟರ್. ಗಂಟೆಗೆ ಬೇಕಾದದ್ದು 1,728 ಘನ ಮೀಟರ್. ಅಂದರೆ ವಾರ್ಡಿನ ಗಾಳಿ ಗಂಟೆಗೆ ಹತ್ತಿರ ಹತ್ತಿರ ಹತ್ತು ಸಲ ಬದಲಾಗಬೇಕು. ಗಂಟೆಗೆ 12 ಸಲ ಬದಲಾದರೆ ತೇಲುವ ಕಣಗಳಲ್ಲಿ ಶೇ 99ರಷ್ಟು ಹೊರಹೋಗಲು 23 ನಿಮಿಷ ಸಾಕು. ಎರಡೇ ಸಲವಾದರೆ 138 ನಿಮಿಷ.

ಸೀಲಿಂಗ್ ಫ್ಯಾನ್ ಇದನ್ನು ಮಾಡುವುದಿಲ್ಲ. ಒಳಗಿನ ಗಾಳಿಯನ್ನೇ ಕದಡುತ್ತದೆ. ಗೋಡೆಗೆ ಹಾಕಿದ ಎಸಿಯೂ ಅದೇ ಗಾಳಿಯನ್ನು ತಂಪು ಮಾಡಿ ತಿರುಗಿಸುತ್ತದೆ. ಎದುರು ಬದುರು ಕಿಟಕಿ ತೆರೆದರೆ, ಇಲ್ಲವೇ ಹೊರಕ್ಕೆ ತಳ್ಳುವ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ‘ಲೋ, ಸೊಳ್ಳೆ ಬರುತ್ತೆ, ಚಳಿ ಆಗುತ್ತೆ ಅಂತ ರೋಗಿ ಕಡೆಯವರೇ ಕಿಟಕಿ ಮುಚ್ತಾರೆ’ ಎನ್ನುತ್ತಾಳೆ ಅಕ್ಕ. ಹಾಗಾದರೆ ಕಿಟಕಿಗೊಂದು ಜಾಲರಿ, ರೋಗಿಗೊಂದು ಕಂಬಳಿ. ವೆಂಟಿಲೇಟರ್‌ಗೆ ಹೋಲಿಸಿದರೆ ಇದೇನು ದೊಡ್ಡ ಖರ್ಚೇ?

<b>ಕೈ, ಮತ್ತು ರಜೆ</b>

ಫ್ಲೂ ವೈರಸ್ ಸ್ಟೀಲ್, ಪ್ಲಾಸ್ಟಿಕ್ ಮೇಲೆ ಒಂದೆರಡು ದಿನ ಬದುಕಬಲ್ಲದು. ಮಂಚದ ಸರಳು, ಡ್ರಿಪ್ ಸ್ಟ್ಯಾಂಡ್, ನಮ್ಮ ಮೊಬೈಲ್ ಎಲ್ಲವೂ ಅಂಥವೇ. ಹಾಗಾಗಿ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಕೈಗೆ ಸ್ಯಾನಿಟೈಸರ್, 20ರಿಂದ 30 ಸೆಕೆಂಡ್. ಆದರೆ ಒಂದು ಪಾಳಿಗೆ ಒಬ್ಬಳೇ ನರ್ಸ್ ಇದ್ದು ರೋಗಿಗಳು ನಲವತ್ತಾದರೆ ಆ ಸೆಕೆಂಡುಗಳು ಎಲ್ಲಿಂದ ಬರಬೇಕು?

ಅಕ್ಕ ಹಿಂದೆ ಇದ್ದ ಆಸ್ಪತ್ರೆಯಲ್ಲಿ ಜ್ವರ ಬಂದರೂ ರಜೆ ಸಿಗುತ್ತಿರಲಿಲ್ಲ. ಮಾತ್ರೆ ನುಂಗಿ ಮಕ್ಕಳ ವಾರ್ಡಿಗೆ ಹೋದ ದಿನಗಳಿವೆ. ಅವಳಿಗೆ ಆಗಿದ್ದು ಸುಸ್ತು. ಅಲ್ಲಿದ್ದ ಮಕ್ಕಳಿಗೆ ಏನಾಗಬಹುದಿತ್ತು ಎಂದು ನೆನೆದು ಅವಳು ಈಗಲೂ ಬೇಸರಪಡುತ್ತಾಳೆ. ಜ್ವರ ಬಂದ ನರ್ಸ್‌ಗೆ ಸಂಬಳ ಸಹಿತ ರಜೆ ಕೊಡುವುದು ಉಪಕಾರವಲ್ಲ, ಸೋಂಕು ನಿಯಂತ್ರಣ. ಆಸ್ಪತ್ರೆ ಸಿಬ್ಬಂದಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಕೊಡುವುದೂ ಅಷ್ಟೇ. ಹೊಸ ವೈರಸ್‌ಗೆ ಹೊಸ ಲಸಿಕೆ ತಯಾರಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ನಮ್ಮನ್ನು ಕಾಯುವುದು ಈ ಸಣ್ಣ ಶಿಸ್ತುಗಳೇ. ಪಿಡುಗು ಬಂದ ಮೇಲೆ ಕಲಿಯುತ್ತೇವೆ ಎಂದರೆ ಆಗದು. ಮಾಮೂಲಿ ದಿನಗಳಲ್ಲೇ ರೂಢಿಯಾಗಬೇಕು.

ನಮ್ಮ ಪಾಲಿನದೂ ಇದೆ. ಯಾರಾದರೂ ಆಸ್ಪತ್ರೆ ಸೇರಿದರೆ ಫ್ಲಾಸ್ಕು, ಎಳನೀರು ಹಿಡಿದು ಊರಿಗೆ ಊರೇ ಹೋಗುವುದು ನಮ್ಮ ಪ್ರೀತಿಯ ರೀತಿ. ಆದರೆ ನೆಗಡಿ, ಕೆಮ್ಮು ಇದ್ದಾಗ ಫೋನ್ ಮಾಡಿ ವಿಚಾರಿಸುವುದೇ ದೊಡ್ಡ ಪ್ರೀತಿ. ಹೋಗಲೇಬೇಕಾದರೆ ಮಾಸ್ಕ್ ಇರಲಿ, ಮಂಚದ ಮೇಲೆ ಕೂರುವುದು ಬೇಡ.

ಇನ್ನು ಕೆಲಸ ಹುಡುಕುತ್ತಿರುವ ಎಂಜಿನಿಯರಿಂಗ್ ಗೆಳೆಯರಿಗೊಂದು ಮಾತು. ನಮ್ಮ ಕಣ್ಣೆಲ್ಲ ಸಾಫ್ಟ್‌ವೇರ್ ಕಂಪನಿಗಳ ಗೇಟಿನ ಮೇಲೇ ಇದೆ. ಗಾಳಿ ಹರಿವಿನ ಲೆಕ್ಕ ಗೊತ್ತಿರುವವರು, ಉಪಕರಣ ನೋಡಿಕೊಳ್ಳುವವರು ಆಸ್ಪತ್ರೆಗೂ ಬೇಕು. ಜೀವ ಉಳಿಸಲು ಎಂಬಿಬಿಎಸ್ಸೇ ಆಗಬೇಕೆಂದಿಲ್ಲ.