ಕಲ್ಲಿಲ್ಲದಿದ್ದರೇನು, ಕಾಗದವಿದೆ

ದಾವಣಗೆರೆ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿ ಬರೋಣ’ ಅನ್ನುತ್ತೇವೆ. ಮಣ್ಣು ಮುಗಿಸಿ ಮನೆಗೆ ಬಂದು ಸ್ನಾನ ಮಾಡಿ ಕೂತಾಗ, ‘ಮುತ್ತಜ್ಜನ ಮಣ್ಣು ಎಲ್ಲಾಗಿತ್ತು? ಯಾವ ವರ್ಷ?’ ಎಂದು ಮೊಮ್ಮಗಳು ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ಮನೆತನದ ಚರಿತ್ರೆ ಬರೆದಿಡಬೇಕೆಂದು ಹೊರಟವರು ಕೆಲವು ತಪ್ಪು ತಿಳಿವಳಿಕೆಗಳಿಂದ ಮೊದಲ ಹೆಜ್ಜೆಯಲ್ಲೇ ಕೈಚೆಲ್ಲುವುದನ್ನು ಕಂಡು ಈ ಬರಹ.

ತಪ್ಪು ಕಲ್ಪನೆ: ಸಮಾಧಿಯ ಮೇಲೆ ಕಲ್ಲಿಲ್ಲದಿದ್ದರೆ ದಾಖಲೆಯೂ ಇಲ್ಲ.

ಸತ್ಯ: ಲಿಂಗಾಯತರಲ್ಲಿ ದೇಹವನ್ನು ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತಾರೆ. ಎಷ್ಟೋ ಮನೆತನಗಳಲ್ಲಿ ಇದು ನಡೆಯುವುದು ಸ್ವಂತ ಹೊಲದ ಬದುವಿನಲ್ಲಿ. ಅಲ್ಲಿ ಹೆಸರು ಕೆತ್ತಿದ ಕಲ್ಲು ಇರುವುದು ಅಪರೂಪ. ಆದರೆ ಆ ಹೊಲಕ್ಕೊಂದು ಸರ್ವೆ ನಂಬರ್ ಇರುತ್ತದೆ. ಯಜಮಾನ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಬರುವುದನ್ನು ‘ಪೌತಿ ಖಾತೆ’ ಎನ್ನುತ್ತೇವೆ. ಪೌತಿ ಎಂದರೇ ಸಾವು. ಆ ಅರ್ಜಿಯ ಜೊತೆ ವಂಶವೃಕ್ಷ ಸೇರಿರುತ್ತದೆ. ಮದುವೆಯಾಗಿ ಬೇರೆ ಊರು ಸೇರಿದ ಅತ್ತೆಯರ ಹೆಸರೂ ಅದರಲ್ಲಿ ಸಿಗಬಹುದು. ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಹಳೆಯ ಪಹಣಿ, ಮ್ಯುಟೇಷನ್ ನಕಲು ಕೇಳಿ.

ತಪ್ಪು ಕಲ್ಪನೆ: ಹರಿಹರದವರ ಸಾವು ಹರಿಹರದಲ್ಲೇ ನೋಂದಣಿಯಾಗಿರುತ್ತದೆ.

ಸತ್ಯ: ನೋಂದಣಿಯಾಗುವುದು ಸಾವು ಸಂಭವಿಸಿದ ಸ್ಥಳದಲ್ಲಿ. ಮನೆ ಎಲ್ಲಿತ್ತು, ಮಣ್ಣು ಎಲ್ಲಾಯಿತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹರಿಹರದ ಅಜ್ಜಿ ದಾವಣಗೆರೆಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದು, ತುಂಗಭದ್ರೆಯ ದಡದಲ್ಲಿ ದಹನವಾಗಿದ್ದರೆ, ಹರಿಹರ ನಗರಸಭೆಯಲ್ಲಿ ಎಷ್ಟು ಹುಡುಕಿದರೂ ಹೆಸರು ಸಿಗದು, ದಾವಣಗೆರೆಯಲ್ಲಿ ಹುಡುಕಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆ ನಮ್ಮ ರಾಜ್ಯದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಾವಾದ 21 ದಿನದೊಳಗೆ ತಿಳಿಸಬೇಕೆಂಬುದು ಈಗಿನ ನಿಯಮ. ಹಳ್ಳಿಯ ಮನೆಗಳಲ್ಲಾದ ಎಷ್ಟೋ ಸಾವುಗಳು ಹಿಂದೆ ಪುಸ್ತಕಕ್ಕೆ ಏರಲೇ ಇಲ್ಲ. ಹೆಸರು ಕಾಣದಿದ್ದರೆ ನಿರಾಶರಾಗದೆ ಬೇರೆ ದಾರಿ ಹಿಡಿಯಿರಿ.

ತಪ್ಪು ಕಲ್ಪನೆ: ಮರಣದ ದಾಖಲೆಯನ್ನು ವಾರಸುದಾರರಿಗೆ ಮಾತ್ರ ಕೊಡುತ್ತಾರೆ.

ಸತ್ಯ: ಅದೇ ಕಾಯ್ದೆಯ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರಿನಲ್ಲಿ ಹುಡುಕಿಸಬಹುದು, ನಕಲು ಪಡೆಯಬಹುದು. ಸಾವಿನ ಕಾರಣವನ್ನು ಮಾತ್ರ ಆ ನಕಲಿನಲ್ಲಿ ತೋರಿಸುವುದಿಲ್ಲ. ವರ್ಷ ಖಚಿತವಿಲ್ಲದಿದ್ದರೆ ‘ಇಂಥ ಬರಗಾಲದ ಮರುವರ್ಷ’, ‘ದೊಡ್ಡಪ್ಪನ ಮದುವೆಗೆ ಮೊದಲು’ ಎಂಬ ಮನೆಯ ನೆನಪುಗಳಿಂದ ಎರಡು ಮೂರು ವರ್ಷಕ್ಕೆ ಇಳಿಸಿಕೊಂಡು ಹೋಗಿ.

ತಪ್ಪು ಕಲ್ಪನೆ: ಎಲ್ಲ ಹಳೆಯ ಕಡತ ದಾವಣಗೆರೆ ಜಿಲ್ಲಾ ಕಚೇರಿಯಲ್ಲೇ ಇರುತ್ತದೆ.

ಸತ್ಯ: ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ಹರಪನಹಳ್ಳಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋದರೆ, 1956ರವರೆಗೆ ಅದು ಮುಂಬೈ ಪ್ರಾಂತ್ಯ. ನದಿಯ ಆಚೆ ದಡದಿಂದ ಸೊಸೆ ತಂದ ಮನೆತನಕ್ಕೆ ಎರಡು ಸರ್ಕಾರಗಳ ಕಡತ ಹುಡುಕುವ ಕೆಲಸ ಇದ್ದೇ ಇರುತ್ತದೆ.

ತಪ್ಪು ಕಲ್ಪನೆ: ಗೋರಿ ಅಳಿಸಿದರೆ ಹೆಸರೂ ಅಳಿಯಿತು.

ಸತ್ಯ: ಚರ್ಚುಗಳಲ್ಲಿ ಮರಣದ ರಿಜಿಸ್ಟರ್ ಬರೆದಿಡುವುದು ಕಟ್ಟಳೆ. ಜಾಗದ ಅಭಾವದಿಂದ ಒಂದೇ ಗುಂಡಿಯನ್ನು ವರ್ಷಗಳ ನಂತರ ಮತ್ತೊಬ್ಬರಿಗೆ ತೆಗೆದರೂ ಪುಸ್ತಕದ ಸಾಲು ಉಳಿಯುತ್ತದೆ. ಖಬರಸ್ತಾನದ ವಿಚಾರವನ್ನು ಮಸೀದಿಯ ಕಮಿಟಿಯಲ್ಲಿ ಕೇಳಬೇಕು. ಹರಿಹರದ ಬಳಿ ಈಸ್ಟ್ ಇಂಡಿಯಾ ಕಂಪನಿ ಕಾಲದ ದಂಡಿನ ಠಾಣ್ಯ 1865ರವರೆಗೂ ಇತ್ತು. ಕಂಪನಿ ಸೀಮೆಗಳಲ್ಲಿ ಪಾದ್ರಿಗಳು ಬರೆದ ಶವಸಂಸ್ಕಾರದ ಪಟ್ಟಿಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ಹುಡುಕುವವರು ಊರಿನ ಹೆಸರನ್ನು ‘ಹರ್ರಿಹರ್’ ಎಂಬ ಹಳೆಯ ಇಂಗ್ಲಿಷ್ ಕಾಗುಣಿತದಲ್ಲೂ ನೋಡಬೇಕು.

ತಪ್ಪು ಕಲ್ಪನೆ: ಪತ್ರಿಕೆಯ ನಿಧನ ವಾರ್ತೆ ಒಂದು ದಿನದ ಸುದ್ದಿ.

ಸತ್ಯ: ದಾವಣಗೆರೆಯ ಮನೆಗಳಲ್ಲಿ ಬೆಳಿಗ್ಗೆ ‘ಜನತಾವಾಣಿ’ ಬಂದರೆ ಹಿರಿಯರ ಕಣ್ಣು ಮೊದಲು ಹೋಗುವುದು ನಿಧನದ ಕಾಲಂಗೆ. ಅಂಥ ನಾಲ್ಕು ಸಾಲನ್ನು ಬಿಡಿಸಿ ಓದಿ: ಯಾವ ಬಡಾವಣೆಯ ವಾಸಿ, ವಯಸ್ಸೆಷ್ಟು, ಎಷ್ಟು ಪುತ್ರರು, ಪುತ್ರಿಯರು, ಅಂತ್ಯಕ್ರಿಯೆ ರುದ್ರಭೂಮಿಯಲ್ಲೋ ಸ್ವಗ್ರಾಮದ ಜಮೀನಿನಲ್ಲೋ. ‘ಸ್ವಗ್ರಾಮ’ ಎಂಬ ಒಂದೇ ಪದ ನಗರಕ್ಕೆ ಬಂದ ಮನೆತನದ ಬೇರನ್ನು ತೋರಿಸುತ್ತದೆ. ಆದರೆ ಶಿವಗಣಾರಾಧನೆಯ ಆಹ್ವಾನದಲ್ಲಿ ದಪ್ಪಕ್ಷರದಲ್ಲಿರುವುದು ಕಾರ್ಯದ ದಿನ. ಅದನ್ನೇ ಸಾವಿನ ದಿನವೆಂದು ಬರೆದುಕೊಳ್ಳಬೇಡಿ.

ಮನೆಬಾಗಿಲಿಗೆ ಬಂದು ವಂಶಾವಳಿ ಹೇಳುವ ಹೆಳವರನ್ನು ಮರೆಯಬೇಡಿ. ಅವರ ಪುಸ್ತಕದಲ್ಲಿ ಕಚೇರಿಗಿಂತ ಹಿಂದಿನ ತಲೆಮಾರುಗಳಿವೆ. ಮುಂದಿನ ಸಲ ಮಣ್ಣಿಗೆ ಹೋಗಿ ಬಂದಾಗ, ಕಾರ್ಯದ ಕಾರ್ಡಿನ ಹಿಂದೆ ನಾಲ್ಕು ಮಾತು ಬರೆದಿಡಿ: ತೀರಿಕೊಂಡವರ ತಂದೆತಾಯಿ ಯಾರು, ಹುಟ್ಟೂರು ಯಾವುದು, ಉಸಿರು ನಿಂತಿದ್ದು ಎಲ್ಲಿ, ಮಣ್ಣಾಗಿದ್ದು ಎಲ್ಲಿ. ಮೊಮ್ಮಗಳು ಕೇಳಿದ ದಿನ ಆ ಕಾರ್ಡು ಅವಳ ಕೈಗೆ ಸಿಗಲಿ.