ಕೋಶಕೇಂದ್ರದ ಬಾಗಿಲಲ್ಲಿ ಒಂದು ಪ್ರೋಟೀನು

ಪರಿಗಿ, ಹಿಂದೂಪುರದ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆಗಳು ಅನೇಕ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಅದು ಗೂಡು ಕಟ್ಟುವುದನ್ನು ಈ ಮನೆಗಳ ಮಕ್ಕಳು ಬಾಲ್ಯದಿಂದಲೇ ಬಲ್ಲರು. ನೂರಾರು ಮೀಟರ್ ಉದ್ದದ ಆ ನೂಲು ಹುಳುವಿನೊಳಗೆ ತಯಾರಾಗುವ ಬಗೆ ಮಾತ್ರ ಹೊರಗಣ್ಣಿಗೆ ಕಾಣುವುದಿಲ್ಲ. ಹುಳುವಿನ ಮೈಯೊಳಗೆ ಒಂದು ಜೊತೆ ರೇಷ್ಮೆಗ್ರಂಥಿಗಳಿವೆ. ಪ್ರತಿಯೊಂದು ಗ್ರಂಥಿಯ ಹಿಂಭಾಗದಲ್ಲಿರುವ ಸುಮಾರು 500 ಜೀವಕೋಶಗಳು ಫೈಬ್ರಾಯಿನ್ ಎಂಬ ಪ್ರೋಟೀನನ್ನು ತಯಾರಿಸುತ್ತವೆ. ನೂಲಿನ ತಿರುಳು ಇದೇ.

ಫೈಬ್ರಾಯಿನನ್ನು ಹೇಗೆ ಕಟ್ಟಬೇಕೆಂಬ ಬರಹವು ಜೀವಕೋಶದ ನಡುವಿನ ಕೋಶಕೇಂದ್ರದೊಳಗೆ, ಡಿ.ಎನ್.ಎ. ರೂಪದಲ್ಲಿ ಭದ್ರವಾಗಿರುತ್ತದೆ. ಆದರೆ ಪ್ರೋಟೀನು ತಯಾರಾಗುವುದು ಕೋಶಕೇಂದ್ರದ ಹೊರಗೆ, ಕೋಶರಸದಲ್ಲಿ. ಮೂಲ ಬರಹವು ಎಂದಿಗೂ ಹೊರಗೆ ಬರುವುದಿಲ್ಲ. ಅದರ ನಕಲೊಂದು ಮಾತ್ರ ಬರುತ್ತದೆ. ಆ ನಕಲನ್ನೇ ಸಂದೇಶವಾಹಕ ಆರ್.ಎನ್.ಎ. ಎನ್ನುತ್ತಾರೆ. ಫೈಬ್ರಾಯಿನಿನ ಸಂದೇಶವಾಹಕವನ್ನು ರೇಷ್ಮೆಹುಳುವಿನಿಂದ ಬೇರ್ಪಡಿಸಿ ಗುರುತಿಸಿದವರು ಯೋಶಿಯಾಕಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್. ಆ ವರದಿ 1972ರಲ್ಲಿ ಪ್ರಕಟವಾಯಿತು. ಕೋಶಕೇಂದ್ರದ ಸುತ್ತಲೂ ಎರಡು ಪದರಗಳ ಪೊರೆಯಿದೆ. ಆ ಗೋಡೆಯನ್ನು ದಾಟಿ ಸಂದೇಶವು ಹೊರಬರುವ ದಾರಿ ಯಾವುದು? ಪೊರೆಯಲ್ಲಿ ಅಲ್ಲಲ್ಲಿ ಇರುವ ರಂಧ್ರಗಳೇ ಆ ದಾರಿ.

ಇದೇ ಏರ್ಪಾಡು ನಮ್ಮ ಮೈಯಲ್ಲಿಯೂ ಉಂಟು. ಕೋಶಕೇಂದ್ರವನ್ನೇ ಕಳೆದುಕೊಂಡಿರುವ ಪಕ್ವ ಕೆಂಪು ರಕ್ತಕಣಗಳಂತಹವನ್ನು ಬಿಟ್ಟರೆ, ಮನುಷ್ಯನ ಜೀವಕೋಶಗಳ ಕೋಶಕೇಂದ್ರಕ್ಕೆ ಸಾಮಾನ್ಯವಾಗಿ ಕೆಲವು ಸಾವಿರ ರಂಧ್ರಗಳಿರುತ್ತವೆ. ಎಚ್.ಜಿ. ಕ್ಯಾಲನ್ ಮತ್ತು ಎಸ್.ಜಿ. ಟಾಮ್ಲಿನ್ ಎಂಬ ವಿಜ್ಞಾನಿಗಳು ಉಭಯಚರಗಳ ಅಂಡಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 1950ರಲ್ಲಿ ಈ ರಂಧ್ರಗಳನ್ನು ವರ್ಣಿಸಿದರು. ಒಂದೊಂದರ ಹೊರ ಅಗಲ ಸುಮಾರು 120 ನ್ಯಾನೊಮೀಟರ್. ಒಂದು ತಲೆಗೂದಲಿನ ಅಡ್ಡಗಲದಲ್ಲಿ ಇವನ್ನು ಸಾಲಾಗಿ ಜೋಡಿಸಿದರೆ ಐದಾರು ನೂರು ಹಿಡಿಸುತ್ತವೆ.

ರಂಧ್ರವೆಂದ ಮಾತ್ರಕ್ಕೆ ಅದು ಬರಿಯ ತೂತಲ್ಲ. ಸುಮಾರು 30 ಬಗೆಯ ಪ್ರೋಟೀನುಗಳು, ಒಟ್ಟು ಎಣಿಕೆಯಲ್ಲಿ ಸುಮಾರು 1000 ತುಣುಕುಗಳು, ಎಂಟು ಅರೆಗಳ ಚಕ್ರದಂತೆ ಸೇರಿ ಅದನ್ನು ಕಟ್ಟಿವೆ. ಈ ಪ್ರೋಟೀನುಗಳಿಗೆ ನ್ಯೂಕ್ಲಿಯೊಪೊರಿನ್ ಎಂದು ಹೆಸರು. ಅವುಗಳಲ್ಲೊಂದು ನ್ಯೂಪ್-98. ಹೆಸರಿನ ಅಂಕಿಯು ಅದರ ಅಣುತೂಕವನ್ನು, ಎಂದರೆ ಸುಮಾರು 98 ಕಿಲೊಡಾಲ್ಟನ್ ಎಂಬುದನ್ನು, ಸೂಚಿಸುತ್ತದೆ. ಈ ಪ್ರೋಟೀನು ಸಾಗಣೆಯಲ್ಲಿ ವಹಿಸುವ ಪಾತ್ರವನ್ನು ಔರೆಲಿಯನ್ ರಾದು, ಮೇರಿ ಶಾನನ್ ಮೂರ್ ಮತ್ತು ಗುಂಟರ್ ಬ್ಲೋಬೆಲ್ 1995ರಲ್ಲಿ ಪ್ರಕಟಿಸಿದರು. ಪ್ರೋಟೀನುಗಳು ಕೋಶದೊಳಗೆ ತಮ್ಮ ತಾಣವನ್ನು ಹುಡುಕಿಕೊಳ್ಳುವ ಬಗೆಯನ್ನು ತೋರಿಸಿಕೊಟ್ಟುದಕ್ಕಾಗಿ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕೆರೆಯ ತೂಬನ್ನು ಕಂಡವರಿಗೆ ಈ ರಂಧ್ರದ ಕೆಲಸ ಅರ್ಧದಷ್ಟು ತಿಳಿದಂತೆಯೇ. ತೂಬು ಎಲ್ಲ ನೀರನ್ನೂ ಒಮ್ಮೆಗೇ ಬಿಡುವುದಿಲ್ಲ; ಬೇಕಾದಷ್ಟನ್ನು ಬಿಡುತ್ತದೆ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ತೂಬನ್ನು ತೆರೆಯಲು, ಮುಚ್ಚಲು ಒಬ್ಬ ನೀರುಗಂಟಿ ಬೇಕು. ಕೋಶಕೇಂದ್ರದ ರಂಧ್ರಕ್ಕೆ ತೆರೆದು ಮುಚ್ಚುವ ಹಲಗೆಯೇ ಇಲ್ಲ. ನ್ಯೂಪ್-98 ಮತ್ತು ಅದರ ಕೆಲವು ಸಂಗಾತಿಗಳ ಒಂದು ತುದಿ ಗಟ್ಟಿಯಾಗಿ ಗೋಡೆಗೆ ಅಂಟಿಕೊಂಡಿರುತ್ತದೆ. ಇನ್ನೊಂದು ತುದಿ ಸಡಿಲವಾದ ಎಳೆಯಾಗಿ ರಂಧ್ರದ ನಡುವಿಗೆ ಚಾಚಿರುತ್ತದೆ. ಇಂತಹ ನೂರಾರು ಎಳೆಗಳು ಒಂದಕ್ಕೊಂದು ತೊಡರಿಕೊಂಡು ದಟ್ಟವಾದ ಜರಡಿಯಾಗುತ್ತವೆ. ಸಣ್ಣ ಅಣುಗಳು ಅದರಲ್ಲಿ ತಾವಾಗಿಯೇ ನುಸುಳುತ್ತವೆ. ಸುಮಾರು 40 ಕಿಲೊಡಾಲ್ಟನ್ ತೂಕವನ್ನು ಮೀರಿದ ಪ್ರೋಟೀನುಗಳಿಗೆ ಮಾತ್ರ ರಹದಾರಿ ಬೇಕು. ಆ ರಹದಾರಿ ಪ್ರೋಟೀನಿನ ಮೈಮೇಲೆಯೇ ಒಂದು ಗುರುತಾಗಿ ಇರುತ್ತದೆ. ಸಾಗಿಸುವ ಬೇರೊಂದು ಪ್ರೋಟೀನು ಆ ಗುರುತನ್ನು ಹಿಡಿದು, ಎಳೆಗಳನ್ನು ಸ್ಪರ್ಶಿಸಿ ಸರಿಸುತ್ತ, ತನ್ನ ಹೊರೆಯನ್ನು ಆಚೆಗೆ ದಾಟಿಸುತ್ತದೆ. ಒಂದೇ ರಂಧ್ರದ ಮೂಲಕ ಒಂದು ಸೆಕೆಂಡಿನಲ್ಲಿ ಸುಮಾರು 1000 ಸಾಗಣೆಗಳು ನಡೆಯಬಲ್ಲವು.

ಕಾವಲು ಇಷ್ಟು ಬಿಗಿಯಾಗಿರುವುದರಿಂದಲೇ ಒಳನುಗ್ಗಿದ ಶತ್ರುವು ಕಾವಲುಗಾರನ ಮೇಲೆ ಕಣ್ಣಿಡುತ್ತದೆ. ಕೋವಿಡ್ ಕಾಲವನ್ನು ಯಾವ ಕುಟುಂಬವೂ ಮರೆತಿಲ್ಲ. ವೈರಸ್ಸು ತಗುಲಿದಾಗ ನಮ್ಮ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಹೊರಸೂಸುತ್ತವೆ. ಆ ಎಚ್ಚರಿಕೆಯು ತಲುಪಿದ ಕೋಶದಲ್ಲಿ ಸ್ಟ್ಯಾಟ್-1 ಎಂಬ ದೂತಪ್ರೋಟೀನು ಕೋಶಕೇಂದ್ರದೊಳಗೆ ಹೋಗಿ, ವೈರಸ್ಸನ್ನು ಎದುರಿಸುವ ಜೀನುಗಳನ್ನು ಎಬ್ಬಿಸಬೇಕು. ಕೋವಿಡ್ ವೈರಸ್ಸಿನ ಓ.ಆರ್.ಎಫ್.-6 ಎಂಬ ಪುಟ್ಟ ಪ್ರೋಟೀನು ನ್ಯೂಪ್-98ನ್ನೇ ಹಿಡಿದುಕೊಂಡು ಆ ದೂತನಿಗೆ ಅಡ್ಡ ನಿಲ್ಲುತ್ತದೆಯೆಂದು 2020ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ದೂತನು ಹೊರಗೇ ಉಳಿದರೆ ಕೋಶದ ಪ್ರತಿಭಟನೆ ದುರ್ಬಲವಾಗುತ್ತದೆ.

ನ್ಯೂಪ್-98ರ ಇನ್ನೊಂದು ಕಥೆಯನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ಈ ಪ್ರೋಟೀನಿನ ಜೀನು ನಮ್ಮ 11ನೆಯ ವರ್ಣತಂತುವಿನಲ್ಲಿದೆ. ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವಾಗ, ಅಪರೂಪಕ್ಕೆ, ಎರಡು ವರ್ಣತಂತುಗಳು ತುಂಡಾಗಿ ತುಂಡುಗಳು ಅದಲುಬದಲಾಗಿ ಬೆಸೆದುಕೊಳ್ಳುತ್ತವೆ. ಆಗ ನ್ಯೂಪ್-98ರ ಸಡಿಲ ಎಳೆಯ ಭಾಗವು ಮತ್ತಾವುದೋ ಪ್ರೋಟೀನಿಗೆ ಅಂಟಿಕೊಂಡು, ಎರಡೂ ಅಲ್ಲದ ಮೂರನೆಯದೊಂದು ಹುಟ್ಟುತ್ತದೆ. 7ನೆಯ ವರ್ಣತಂತುವಿನ ಹಾಕ್ಸ್-ಎ9 ಎಂಬ ಜೀನಿನೊಡನೆ ಇಂತಹ ಬೆಸುಗೆ ಆಗಿರುವುದನ್ನು 1996ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಗುರುತಿಸಿದವು. ಅಂದಿನಿಂದ 30ಕ್ಕೂ ಹೆಚ್ಚು ಜೊತೆಗಾರ ಜೀನುಗಳು ಪತ್ತೆಯಾಗಿವೆ. ಬೆಸೆದ ಪ್ರೋಟೀನು ಬಾಗಿಲ ಕೆಲಸವನ್ನು ಬಿಟ್ಟು, ಕೋಶಕೇಂದ್ರದೊಳಗೆ ಹನಿಹನಿಯಾಗಿ ಗುಂಪುಗೂಡಿ, ಆರಬೇಕಾದ ಜೀನುಗಳನ್ನು ಆರಗೊಡದೆ ಉರಿಸುತ್ತಿರುತ್ತದೆ. ಎಳೆಯ ರಕ್ತಕಣಗಳು ಬಲಿಯದೆ ಬರಿದೆ ಹೆಚ್ಚುತ್ತವೆ. ಇದು ರಕ್ತದ ಕ್ಯಾನ್ಸರಿನ ಒಂದು ಬಗೆ.

ಇಲ್ಲಿ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು: ಮಕ್ಕಳ ರಕ್ತ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಈ ಬಗೆಯವಲ್ಲ, ಚಿಕಿತ್ಸೆಗೆ ಚೆನ್ನಾಗಿ ಮಣಿಯುವ ಬೇರೆ ಬಗೆಯವೇ ಹೆಚ್ಚು. ನ್ಯೂಪ್-98 ಬೆಸುಗೆಯುಳ್ಳವು ವಿರಳ, ಆದರೆ ಕಠಿಣ. ಅವುಗಳಲ್ಲಿ ಕೆಲವು ಸಾಮಾನ್ಯ ವರ್ಣತಂತು ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ; ಅದಲುಬದಲಾದ ತುದಿಗಳು ನೋಡಲು ಒಂದೇ ತೆರನಾಗಿರುತ್ತವೆ. ಆದುದರಿಂದ ಜೀನುಮಟ್ಟದ ಪರೀಕ್ಷೆಯನ್ನು ವೈದ್ಯರು ಕೇಳಿದರೆ ಅದನ್ನು ಅನಗತ್ಯ ವೆಚ್ಚವೆಂದು ತಳ್ಳಿಹಾಕಬಾರದು. ಮೆನಿನ್ ಎಂಬ ಪ್ರೋಟೀನನ್ನು ತಡೆಯುವ ಹೊಸ ಔಷಧವೊಂದಕ್ಕೆ, ಬೇರೊಂದು ಜೀನಿನ ಬೆಸುಗೆಯಿಂದಾಗುವ ರಕ್ತ ಕ್ಯಾನ್ಸರಿಗಾಗಿ, 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ನ್ಯೂಪ್-98 ಬೆಸುಗೆಯ ರೋಗದಲ್ಲಿಯೂ ಆ ವರ್ಗದ ಔಷಧಗಳನ್ನು ಪರೀಕ್ಷಿಸಲಾಗುತ್ತಿದೆ.

ಎರಡನೆಯದು: ಈ ಬೆಸುಗೆಯು ಮಗುವಿನ ಯಾವುದೋ ಒಂದು ರಕ್ತಕೋಶದಲ್ಲಿ ಆಕಸ್ಮಿಕವಾಗಿ ಆಗುವಂತಹದು. ಅದು ತಂದೆತಾಯಿಯರಿಂದ ಬಂದುದಲ್ಲ, ತಾಯಿ ಬಸುರಿಯಲ್ಲಿ ಉಂಡ ಊಟದ ಫಲವಲ್ಲ, ದೃಷ್ಟಿ ತಾಗಿದುದಲ್ಲ. ಪಕ್ಕದಲ್ಲಿ ಕುಳಿತ ಮಗುವಿಗೆ ಅಂಟುವುದೂ ಇಲ್ಲ. ಚಿಕಿತ್ಸೆ ಮುಗಿಸಿ ಶಾಲೆಗೆ ಮರಳಿದ ಮಗುವನ್ನು ದೂರ ಕೂರಿಸುವುದಕ್ಕೆ ಯಾವ ಕಾರಣವೂ ಇಲ್ಲ. ವಾರಗಟ್ಟಲೆ ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು, ವಸಡಿನಿಂದ ರಕ್ತ, ರಾತ್ರಿ ಎಬ್ಬಿಸುವ ಮೂಳೆನೋವು – ಇವು ಕಂಡಾಗ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಇವುಗಳಿಗೆ ಬಹುತೇಕ ಸಾಮಾನ್ಯ ಕಾರಣಗಳೇ ಇರುತ್ತವೆ. ಆದರೆ ಅದನ್ನು ನಿರ್ಣಯಿಸುವುದು ಪರೀಕ್ಷೆಯ ಕೆಲಸ. ನಮ್ಮ ಸೀಮೆಗೆ ಹತ್ತಿರದ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಿಭಾಗವಿದೆ.

ಕೋಶಕೇಂದ್ರದ ಪೊರೆಯ ಅಧ್ಯಯನವು ಪರದೇಶಗಳಲ್ಲಿ ಮಾತ್ರ ನಡೆಯುವಂತಹದೆಂದು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾಗಿಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯಲ್ಲಿ ವೀಣಾ ಪರ್ನಾಯಿಕ್ ಅವರು ಆ ಪೊರೆಗೆ ಒಳಗಿನಿಂದ ಆಧಾರವಾಗಿರುವ ಲ್ಯಾಮಿನ್ ಪ್ರೋಟೀನುಗಳನ್ನೂ, ಅವು ಕೆಟ್ಟಾಗ ಬರುವ ಸ್ನಾಯುರೋಗಗಳನ್ನೂ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಪುಣೆಯ ಎನ್.ಸಿ.ಸಿ.ಎಸ್.ನಲ್ಲಿ ಜೋಮನ್ ಜೋಸೆಫ್ ಅವರ ತಂಡವು ಇದೇ ರಂಧ್ರದ ಇನ್ನೊಂದು ಪ್ರೋಟೀನಾದ ನ್ಯೂಪ್-358ನ್ನು ಅಭ್ಯಸಿಸಿದೆ. ರಂಧ್ರದ ಪೂರ್ಣ ಆಕೃತಿಯ ಚಿತ್ರಣವು, ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯ ನೆರವೂ ಸೇರಿ, ಬಹುಮಟ್ಟಿಗೆ ಸಿದ್ಧವಾದುದು 2022ರಲ್ಲಷ್ಟೇ. ಇನ್ನೂ ಮಾಡಬೇಕಾದುದು ಬಹಳವಿದೆ. ನಮ್ಮ ಮಕ್ಕಳಿಗೂ ಅದರಲ್ಲಿ ಪಾಲುಂಟು.

ಕನ್ನಡದಲ್ಲಿ ಓದಿದ ಮಗುವಿಗೆ ಇದು ನಿಲುಕದೆಂಬ ಅಂಜಿಕೆ ಕೆಲವು ಹಿರಿಯರಲ್ಲಿದೆ. ಜೀವಕೋಶ, ಕೋಶರಸ, ಕೋಶಕೇಂದ್ರ, ವರ್ಣತಂತು, ಪೊರೆ, ರಂಧ್ರ – ಈ ಆರು ಮಾತುಗಳು ಅರ್ಥವಾದ ಮಗುವಿಗೆ ಈ ಲೇಖನದ ವಿಷಯವೆಲ್ಲ ಅರ್ಥವಾಗುತ್ತದೆ. ಮುಂದೆ ಇಂಗ್ಲಿಷಿನಲ್ಲಿಯೋ ತೆಲುಗಿನಲ್ಲಿಯೋ ಅದೇ ವಿಷಯ ಎದುರಾದಾಗ ಅದು ಕಲಿಯಬೇಕಾದುದು ಹೆಸರುಗಳನ್ನು ಮಾತ್ರ. ವಿಜ್ಞಾನದ ನೋಟುಪುಸ್ತಕದಲ್ಲಿ ಮಕ್ಕಳು ಕೋಶಕೇಂದ್ರವನ್ನು ಒಂದೇ ಗೆರೆಯ ಮುಚ್ಚಿದ ವೃತ್ತವಾಗಿ ಬರೆಯುವುದುಂಟು. ಮನೆಯಲ್ಲಿ ಹಿರಿಯರು ಅದನ್ನು ಕಂಡಾಗ, ಎರಡು ಗೆರೆ ಎಳೆದು ನಡುನಡುವೆ ಬಾಗಿಲು ಬಿಡುವಂತೆ ಹೇಳಲಿ. ಆ ಬಾಗಿಲುಗಳು ಏಕೆಂದು ಮಗುವಿನ ಬಾಯಿಂದಲೇ ಕೇಳಿ ತಿಳಿಯಲಿ.