ಹಾಂಗ್‌ಕಾಂಗ್‌ನ ಕಡವು ದೋಣಿ

ಬೆನ್ನಿಗೆ ಚೀಲ ಏರಿಸಿ ಒಂಟಿಯಾಗಿ ಹಾಂಗ್‌ಕಾಂಗ್ ಸುತ್ತುವವರು ಬೆಳಿಗ್ಗೆ ಟ್ರಾಮ್‌ನಲ್ಲಿ ವಿಕ್ಟೋರಿಯಾ ಶಿಖರ ಏರಿ, ಸಂಜೆ ಸ್ಟಾರ್ ಫೆರಿಯಲ್ಲಿ ಕೌಲೂನ್‌ಗೆ ದಾಟುವುದುಂಟು. ಎರಡರ ಮೂಲವೂ 1888. ಆ ವರ್ಷ ಶಿಖರದ ಟ್ರಾಮ್ ಓಡತೊಡಗಿತು. ಪಾರ್ಸಿ ವರ್ತಕ ದೊರಾಬ್ಜಿ ನೌರೋಜಿ ಕೌಲೂನ್ ಫೆರಿ ಕಂಪೆನಿ ಸ್ಥಾಪಿಸಿದರು. 1898ರಲ್ಲಿ ಅದು ಸ್ಟಾರ್ ಫೆರಿಯಾಯಿತು.

ಈ ದೋಣಿ ಬರಿಯ ವಿಹಾರದ್ದಲ್ಲ. 1966ರಲ್ಲಿ ಮೊದಲ ದರ್ಜೆಗೆ ಐದು ಸೆಂಟ್ ಏರಿಸಿದಾಗ ಊರಿನಲ್ಲಿ ಗಲಭೆಯೇ ಎದ್ದಿತು. ಆಗ ಬಂದರು ದಾಟಲು ಸುರಂಗವಿರಲಿಲ್ಲ. 1972ರಲ್ಲಿ ರಸ್ತೆ ಸುರಂಗ, 1980ರಲ್ಲಿ ಕಡಲಡಿಯ ರೈಲು ಬಂದವು. 2006ರಲ್ಲಿ ಗಡಿಯಾರ ಗೋಪುರವಿದ್ದ ಹಳೆಯ ಧಕ್ಕೆಯನ್ನು ಕೆಡವಹೊರಟಾಗ ಜನ ಅಡ್ಡ ನಿಂತರು, ಗೋಪುರ ಉಳಿಯಲಿಲ್ಲ. ದೋಣಿ ಉಳಿದಿದೆ. ರೈಲು ಬೇಗ ದಾಟಿಸುತ್ತದೆ, ನಿಜ. ಊರನ್ನು ಕಣ್ತುಂಬ ತೋರಿಸುತ್ತ ದಾಟಿಸುವುದು ದೋಣಿಯೇ.